ತಾರಸಿ ಮೇಲೆ ಇಳಿಸಿದ ಕಥೆ

ಹಾರುವ ಕಾರು ಮನೆ ತಾರಸಿ ಮೇಲೆ ಇಳಿಯದಿದ್ದರೆ ಅದು ದಿನಬಳಕೆಯ ಗಾಡಿಯೇ ಅಲ್ಲ. ಬೆಂಗಳೂರಲ್ಲಿ ಬೇರೆ ಖಾಲಿ ಜಾಗ ಎಲ್ಲಿದೆ? ನಾನು ಹೀಗೆಂದಾಗ ಹಾರುವ ಮಾದರಿ ಕಟ್ಟುವ ನಮ್ಮ ಗುಂಪಿನಲ್ಲಿ ನಕ್ಕವರೇ ಜಾಸ್ತಿ. ಹೋದ ತಿಂಗಳು ಅಂಥ ಕಾರಿನ ನನ್ನ ಏಳೂವರೆ ಕೆಜಿ ಮಾದರಿ ಸುಮಾರು 30 ಸಲ ತಾರಸಿ ಮೇಲೆ ಇಳಿಯಿತು. ಒಮ್ಮೆಯೂ ಬೀಳಲಿಲ್ಲ.

ಶುರುವಲ್ಲಿ ನಾನೂ ಚಂದಕ್ಕೆ ಮರುಳಾದವನೇ. ನಾಲ್ಕು ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗುವ ಸಣ್ಣ ಫ್ಯಾನ್), ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿ ಸೇರಿ ₹32,000 ಹೋಯಿತು. ನಿಂತಲ್ಲೇ ತೇಲಲು ಮೂರು ಕಿಲೋವಾಟ್ ಮೇಲೆ ಎಳೆಯಿತು. ಆರು ಸೆಲ್‌ನ (6ಎಸ್) 22,000 ಎಂಎಎಚ್ ಬ್ಯಾಟರಿ ಆರು ನಿಮಿಷಕ್ಕೆ ಖಾಲಿ! ಎರಡು ಪ್ಯಾಕ್ ಊದಿಕೊಂಡವು. ಎಷ್ಟು ಭಾರ ಎತ್ತೀತು ಅಂತ ಚೆನ್ನೈ ಗೆಳೆಯ ಕೊಟ್ಟ ಲೆಕ್ಕವೂ ಇಲ್ಲಿ ನಡೆಯಲಿಲ್ಲ. ನಾವಿರುವುದು 900 ಮೀಟರ್ ಎತ್ತರದಲ್ಲಿ, ಗಾಳಿ ಅಲ್ಲಿಗಿಂತ ನೂರಕ್ಕೆ ಎಂಟು-ಹತ್ತು ಪಾಲು ತೆಳು.

ಫ್ಯಾನ್‌ಗಳನ್ನು ಅರ್ಧ ಬೆಲೆಗೆ ಮಾರಿ 18 ಇಂಚಿನ ಪ್ರೊಪೆಲ್ಲರ್ ಹಾಕಿದೆ. ತೇಲಲು ಬೇಕಾದ ವಿದ್ಯುತ್ ಒಂದು ಕಿಲೋವಾಟ್ ಆಸುಪಾಸಿಗೆ ಇಳಿಯಿತು. ನಿಧಾನ ತಿರುಗುವುದರಿಂದ ಸದ್ದೂ ಕಡಿಮೆ. ಮೇಲೆದ್ದ ಮೇಲೆ ಅದೇ ಪ್ರೊಪೆಲ್ಲರ್‌ಗಳನ್ನು ಮುಂದಕ್ಕೆ ವಾಲಿಸುವ (ಟಿಲ್ಟ್) ಆಸೆಯನ್ನು, ವಾಲಿಸುವ ಸರ್ವೋ ಮೋಟರಿನ ಹಲ್ಲು ಎರಡು ಸಲ ಉದುರಿದ ಮೇಲೆ ಬಿಟ್ಟೆ. ಮೇಲೆತ್ತಲು ನಾಲ್ಕು ಪ್ರೊಪೆಲ್ಲರ್, ಮುಂದಕ್ಕೆ ತಳ್ಳಲು ಒಂದು. ಮುಂದಕ್ಕೆ ಹಾರುವಾಗ ರೆಕ್ಕೆ ಭಾರ ಹೊತ್ತ ಮೇಲೆ 200 ವಾಟ್ ಸಾಕು.

ಎಚ್‌ಎಎಲ್, ಜಕ್ಕೂರು, ಯಲಹಂಕ ಅಂತ ಊರೊಳಗೆ ಎಲ್ಲಿ ನಿಂತರೂ ಒಂದು ರನ್‌ವೇ ಹತ್ತಿರ. ಹಾಗಾಗಿ ಮಾಗಡಿ ಕಡೆ ಭಾವನ ತೋಟಕ್ಕೆ ಹೋದೆ. ಅಲ್ಲಿನ ಮನೆ ತಾರಸಿಗೆ ಸುತ್ತ ಮೂರಡಿ ಪ್ಯಾರಪೆಟ್ ಗೋಡೆ ಇದೆ.

ಮೊದಲ ದಿನ ನೆಟ್ಟಗೆ ಬೇಗ ಇಳಿಸಲು ಹೋಗಿ, ತನ್ನದೇ ಗಾಳಿಯ ಸುಳಿಗೆ ಸಿಕ್ಕಿ ದೊಪ್ಪನೆ ಬಿತ್ತು. ₹18,000 ನಷ್ಟ. ಆಮೇಲೆ ಓರೆಯಾಗಿ ಇಳಿಸಿದೆ. ಅಲ್ಲಿವರೆಗೂ ಸರಿ. ಕೊನೆಯ ಹತ್ತಡಿಯಲ್ಲಿ ಮಾತ್ರ ಕುಡಿದವರ ಹಾಗೆ ತೂರಾಡುತ್ತಿತ್ತು. ಎಲ್ಲರೂ 'ಪಿಐಡಿ ಟ್ಯೂನ್ ಮಾಡು' ಅಂದರು, ಅಂದರೆ ಮಾದರಿಯ ಸಮತೋಲ ಕಾಯುವ ನಿಯಂತ್ರಣದ ಅಂಕಿಗಳನ್ನು ಹೊಂದಿಸು ಅಂತ. ಎರಡು ತಿಂಗಳು ಅದನ್ನೇ ಮಾಡಿದೆ. ಇನ್ನೊಂದು ರೆಕ್ಕೆ ಮುರಿಯಿತು, ಅಷ್ಟೇ.

ಕೊನೆಗೆ ಅಕ್ಕ ಸಂಜೆ ಸಾಂಬ್ರಾಣಿ ಹಾಕುವುದನ್ನು ನೋಡಿ ಹೊಳೆಯಿತು. ಮಾದರಿಯನ್ನು ಹಗ್ಗದಲ್ಲಿ ಕಟ್ಟಿ, ಮೋಟರ್ ಓಡಿಸಿ, ಕೆಳಗೆ ಹೊಗೆ ಬಿಟ್ಟೆ. ಹೊಗೆ ನೆಲಕ್ಕೆ ಬಡಿದು, ಗೋಡೆ ಹತ್ತಿ, ತಿರುಗಿ ಪ್ರೊಪೆಲ್ಲರ್ ಮೇಲಿಂದಲೇ ಒಳಗೆ ಬರುತ್ತಿತ್ತು. ಇದಕ್ಕೆ ಯಾವ ಟ್ಯೂನಿಂಗ್ ಏನು ಮಾಡೀತು?

ಪೀಣ್ಯದ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಫ್ರೇಮಿಗೆ ಕಬ್ಬಿಣದ ಜಾಲರಿ ಕೂರಿಸಿದೆ, ಸಾಗಾಟ ಸೇರಿ ₹11,000 ಇರಬೇಕು. 'ಹಪ್ಪಳ ಒಣಗಿಸೋಕಾ ಸಾರ್?' ಅಂದ ಅಂಗಡಿಯವನು. ಜಾಲರಿಯನ್ನು ಗೋಡೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿದೆ. ಗಾಳಿ ತೂರಿ ಕೆಳಗೆ ಹೋಗಿ, ಬದಿಯಿಂದ ಆಚೆ ಹೊರಟಿತು. ತೂರಾಟ ನಿಂತಿತು. ಕಟ್ಟಡದ ಮೇಲಿನ ಹೆಲಿಪ್ಯಾಡ್‌ಗಳ ಕೆಳಗೂ ಸಂದು ಬಿಡುತ್ತಾರೆ, ಆದರೆ ಅದು ಕಟ್ಟಡಕ್ಕೆ ಬಡಿದು ಸುಳಿಯಾಗುವ ಬೀಸುಗಾಳಿ ಕೆಳಗಿಂದಲೇ ಹಾದುಹೋಗಲಿ ಅಂತ. ಜಾಲರಿಯ ಕಣ್ಣು ಎಷ್ಟಗಲ, ಅಂಚನ್ನು ಹೇಗೆ ಬಾಗಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಸದ್ದು ತಗ್ಗಲಿ ಅಂತ ಸುಮ್ನೆ ಜಾಲರಿ ಕೆಳಗೆ ತೆಂಗಿನ ನಾರು ಹಾಸಿ ನೋಡಿದೆ. ಸದ್ದು ಹಾಗೇ ಇತ್ತು, ನಾರೆಲ್ಲ ಮೋಟರಿಗೆ ಸುತ್ತಿಕೊಂಡಿತು. ಬಿಡಿಸಲು ಅರ್ಧ ದಿನ ಹಿಡಿಯಿತು.

ಮುಂದಿನದು 20 ಕೆಜಿ ಮಾದರಿ. ಭಾವ ಈಗಲೇ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಕಟ್ಟಿದ್ದಾರೆ.