ಅಳಿವೆಗೆ ಇಳಿದಾಗ ಕಾಲು ಎತ್ತಬೇಡಿ, ಎಳೆಯಿರಿ

ಕುಮಟಾ ಹತ್ತಿರ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎಷ್ಟೋ ಕಡೆ ನೀರು ಮೊಣಕಾಲಿಗೂ ಬರುವುದಿಲ್ಲ. ಊರಿನವರು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಲು ಇಳಿಯುತ್ತಾರೆ. ನೋಡಿದ ಪ್ರವಾಸಿಗರಿಗೂ ಪ್ಯಾಂಟು ಮಡಚಿ ಇಳಿಯುವ ಆಸೆ. ಇಳಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಇಷ್ಟೇ ನೀರಲ್ವಾ ಎಂದು ಸುಮ್ನೆ ನುಗ್ಗಬೇಡಿ. ಇಲ್ಲಿ ಪೆಟ್ಟು ಬೀಳುವುದು ಪಾದಕ್ಕೆ.

ಮೊದಲು ಹೊತ್ತು ನೋಡಿ. ಸುಮಾರು 6 ಗಂಟೆಗೊಮ್ಮೆ ನೀರು ತಿರುಗುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜಾಸ್ತಿ. "ಅಕ್ಕಾ, ನೀರು ಯಾವಾಗ ಏರ್ತದೆ?" ಎಂದು ಬಳಚು ಹೆಕ್ಕುವವರನ್ನೇ ಕೇಳಿ. ಅವರು ಹೊರಟರೆ ನೀವೂ ಹೊರಡಿ. ಹೊಳೆ ಕಡಲಿಗೆ ರಭಸದಿಂದ ಹರಿಯುವ ಜಾಗಕ್ಕೆ ಹೋಗಲೇಬೇಡಿ.

ಕಾಲಿಗೆ ದಪ್ಪ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೇ ಶೂ ಇರಲಿ. ಹವಾಯಿ ಚಪ್ಪಲಿ ಕೆಸರಲ್ಲಿ ಕಿತ್ತು ಬರುತ್ತದೆ. ಬಂಡೆಗೆ ಅಂಟಿದ ಸಿಂಪಿ ಚಿಪ್ಪಿನ ಅಂಚು ಬ್ಲೇಡಿನ ಹಾಗೆ. ಒಮ್ಮೆ ನನ್ನ ಹಿಮ್ಮಡಿ ಕೊಯ್ದಾಗ ನೋವೇ ಗೊತ್ತಾಗಲಿಲ್ಲ, ನೀರು ಕೆಂಪಾದ ಮೇಲೆಯೇ ತಿಳಿದದ್ದು. ಕಾಲಲ್ಲಿ ಮೊದಲೇ ಗಾಯ ಇದ್ದರೆ ಇಳಿಯಬೇಡಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಂತೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಈಗ ನಡೆಯುವ ರೀತಿ. ತೊರಕೆ ಮೀನು (ಸ್ಟಿಂಗ್‌ರೇ) ಮರಳು ಹೊದ್ದು ಮಲಗಿರುತ್ತದೆ. ಬಗ್ಗಿ ನೋಡಿದರೆ ಎರಡು ಕಣ್ಣು, ಅವುಗಳ ಹಿಂದೆ ಉಸಿರಾಡುವ ಎರಡು ತೂತು, ಅಷ್ಟೇ ಕಾಣುವುದು. ಅದು ತಾನಾಗಿ ಮೇಲೆ ಬೀಳುವುದಿಲ್ಲ. ತುಳಿದರೆ ಮಾತ್ರ ಬಾಲ ಬೀಸಿ ಗರಗಸದಂಥ ವಿಷದ ಮುಳ್ಳು ಚುಚ್ಚುತ್ತದೆ. ಆ ಮುಳ್ಳು ಶೂವನ್ನೂ ದಾಟಬಲ್ಲದು. ಅದಕ್ಕೇ ಪಾದ ಎತ್ತಿಡದೆ ಮರಳಿನ ಮೇಲೆ ಎಳೆಯುತ್ತಾ, ನಿಧಾನವಾಗಿ ಹೋಗಿ. ಕಾಲಿನ ಅದುರಾಟ ತಿಳಿದೊಡನೆ ತೊರಕೆ ತಾನೇ ಜಾರಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ದಡದಲ್ಲೇ ಆಟದ ಹಾಗೆ ಕಲಿಸಿ.

ಚುಚ್ಚಿತೇ? ತಕ್ಷಣ ದಡಕ್ಕೆ ಬಂದು, ರಕ್ತ ಸೋರುತ್ತಿದ್ದರೆ ಒತ್ತಿ ಹಿಡಿಯಿರಿ. ಆಮೇಲೆ ತಡೆಯುವಷ್ಟು ಬಿಸಿ ನೀರಲ್ಲಿ ಪಾದ ಮುಳುಗಿಸಿ, 30ರಿಂದ 90 ನಿಮಿಷ. ಬಿಸಿಗೆ ಆ ವಿಷದ ಶಕ್ತಿ ಕುಗ್ಗಿ ನೋವು ಇಳಿಯುತ್ತದೆ. ನೀರು 45 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನೋವಿನ ಕಾಲಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ, ಹಾಗಾಗಿ ಬೇರೆಯವರು ಕೈ ಅದ್ದಿ ನೋಡಲಿ. ಮುಳ್ಳು ಆಳಕ್ಕೆ ಹೊಕ್ಕಿದ್ದರೆ ಕೀಳಬೇಡಿ. ಗಾಯ ಸಣ್ಣದೆನಿಸಿದರೂ ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಜೆಲ್ಲಿ ಮೀನು ದಡದಲ್ಲಿ ಸತ್ತು ಬಿದ್ದಿದ್ದರೂ ಮುಟ್ಟಬೇಡಿ, ಅದರ ಎಳೆಗಳು ಆಗಲೂ ಸುಡುತ್ತವೆ. ತಾಗಿದರೆ ಉಜ್ಜದೆ ಸಮುದ್ರದ ನೀರಲ್ಲೇ ತೊಳೆಯಿರಿ, ಸಿಹಿನೀರು ಬೇಡ. ಉಸಿರು ಕಟ್ಟಿದಂತಾದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲೆ ಕಾಲನ್ನು ಸೋಪು ಹಾಕಿ ತೊಳೆದು, ಬೆರಳ ಸಂದಿಯನ್ನೂ ನೋಡಿ. ಗೀರಿದ ಜಾಗ ಕೆಂಪಾಗಿ, ಊತ ಬೇಗ ಬೇಗ ಮೇಲೇರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಗಾಯ ಉಪ್ಪುನೀರಲ್ಲಿ ಆದದ್ದು ಎಂದು ಡಾಕ್ಟರಿಗೆ ಮೊದಲೇ ಹೇಳಿ. ಕೊಡುವ ಔಷಧಿ ಅದರ ಮೇಲೆ ಬದಲಾಗಬಹುದು.