ಲಯನ್ಸ್ ಹೆಡ್ ಹತ್ತಿದ್ದು, ಟೋಪಿ ಕಳೆದದ್ದು

ಕೇಪ್‌ಟೌನ್‌ನಲ್ಲಿ ಬಾಮೈದನ ಮನೆಗೆ ಹೋಗಿದ್ದಾಗ ಟೇಬಲ್ ಮೌಂಟನ್ನನ್ನು ಕೇಬಲ್ ಕಾರಿನಲ್ಲಿ ಕೂತು ನೋಡಿದ್ದಾಯಿತು. ಹತ್ತಬೇಕೆಂಬ ಆಸೆ ತೀರಿದ್ದು ಪಕ್ಕದ ಲಯನ್ಸ್ ಹೆಡ್‌ನಲ್ಲಿ. ಎತ್ತರ 669 ಮೀಟರ್. ಸಿಗ್ನಲ್ ಹಿಲ್ ರಸ್ತೆವರೆಗೆ ಕಾರು ಹೋಗುವುದರಿಂದ ಅಷ್ಟನ್ನೂ ಹತ್ತಬೇಕಾಗಿಲ್ಲ.

ಡಿಸೆಂಬರ್ ಅಲ್ಲಿ ಬೇಸಿಗೆ. ಬೆಳಗ್ಗೆ ಐದೂವರೆಗೇ ಹೊರಟೆವು, ಯಾಕೆಂದರೆ ದಾರಿಯಲ್ಲಿ ನೆರಳೇ ಇಲ್ಲ. ನಾನು ಕುಮಟಾ ಕಡೆಯವನು, ಸಮುದ್ರದ ಪಕ್ಕ ಗುಡ್ಡ ಅಂದರೆ ಮುರಕಲ್ಲು, ಗೇರುಮರ ಅಂತಲೇ ಲೆಕ್ಕ. ಇಲ್ಲಿ ಹೆಚ್ಚಿನದು ಸೊಂಟದೆತ್ತರದ ಕುರುಚಲು. ಫಿನ್‌ಬೋಸ್ ಅನ್ನುತ್ತಾರೆ, ಸಣ್ಣ ಎಲೆಯ ಪೊದೆ ಅಂತ ಅರ್ಥ. ಮೊದಲು ನೋಡಿದಾಗ ಒಣಗಿದ ಬ್ಯಾಣ ಅನಿಸಿತು, ಹತ್ತಿರ ಬಗ್ಗಿದರೆ ಒಂದೊಂದು ಗಿಡವೂ ಬೇರೆ. ಮಳೆ ನಮ್ಮ ಹಾಗೆಯೇ ಜೂನ್, ಜುಲೈಯಲ್ಲಿ, ಆದರೆ ಅವರಿಗೆ ಅದು ಚಳಿಗಾಲ. ಬೇಸಿಗೆಯಲ್ಲಿ ಬೆಂಕಿ ಬೀಳುವುದೂ ಇದೆ, ಹೊಗೆ ತಾಗಿದ ಮೇಲೆಯೇ ಮೊಳೆಯುವ ಬೀಜಗಳೂ ಇವೆಯಂತೆ! ಕೆಳಗಿನ ಇಳಿಜಾರಿನಲ್ಲಿ ಸಿಲ್ವರ್ ಟ್ರೀ ಸಿಕ್ಕಿತು. ಅದರ ಎಲೆ ಬೆಳ್ಳಗೆ ಹೊಳೆಯುತ್ತದೆ, ಮುಟ್ಟಿದರೆ ಬೆಕ್ಕಿನ ಕಿವಿ ಮುಟ್ಟಿದ ಹಾಗೆ.

ದಾರಿ ಗುಡ್ಡವನ್ನು ಸುತ್ತಿಕೊಂಡು ಹೋಗುತ್ತದೆ, ಹಾಗಾಗಿ ಒಂದು ತಿರುವಿನಲ್ಲಿ ಊರು, ಇನ್ನೊಂದರಲ್ಲಿ ಕ್ಯಾಂಪ್ಸ್ ಬೇ, ಅದರಾಚೆ ಅಟ್ಲಾಂಟಿಕ್, ಮತ್ತೆ ಸ್ವಲ್ಪ ಹೋದರೆ ಮಂಡೇಲಾರನ್ನು 18 ವರ್ಷ ಇಟ್ಟಿದ್ದ ರಾಬೆನ್ ದ್ವೀಪ. ಅಷ್ಟು ಚಪ್ಪಟೆ ದ್ವೀಪ ಅಂತ ನಾನು ಎಣಿಸಿರಲಿಲ್ಲ.

ಕೊನೆಯ ಭಾಗ ಬಂಡೆ. ಒಂದು ಕಡೆ ಸರಪಳಿ, ಕಬ್ಬಿಣದ ಹಿಡಿಕೆ, ಇನ್ನೊಂದು ಕಡೆ ಸುತ್ತುದಾರಿ. "ಭಾವ, ನೀವು ಸುತ್ತಿಕೊಂಡೇ ಬನ್ನಿ" ಅಂದ ಬಾಮೈದ. ಕೇಳಲಿಲ್ಲ. ಅರ್ಧ ಸರಪಳಿಯಲ್ಲಿ ಆಗ್ನೇಯದ ಗಾಳಿ ಬೀಸಿತು ನೋಡಿ, ಎರಡೂ ಕೈ ಸರಪಳಿಯಲ್ಲಿ, ಟೋಪಿ ಹಾರಿ ಎಲ್ಲಿ ಹೋಯಿತೋ! ಇಳಿಯುವಾಗ ತೆಪ್ಪಗೆ ಸುತ್ತುದಾರಿ ಹಿಡಿದೆ. ಎತ್ತರಕ್ಕಿಂತ ಆ ಗಾಳಿಗೇ ಜಾಸ್ತಿ ಹೆದರಬೇಕು. ಟೇಬಲ್ ಮೌಂಟನ್ ಮೇಲೆ ಬಿಳಿ ಮೋಡ ಹಾಸಿದ್ದರೆ ಅದು ಬೀಸುತ್ತಿದೆ ಅಂತಲೇ ಅರ್ಥ. ನಾನೂ ಆ ಮೋಡ ನೋಡಿದ್ದೆ, ಫೋಟೋ ಬೇರೆ ತೆಗೆದಿದ್ದೆ.

ನೀರು ಒಬ್ಬರಿಗೆ ಒಂದೂವರೆ ಲೀಟರ್ ಇರಲಿ. ಹತ್ತಿ ಇಳಿಯಲು ನಮಗೆ ಮೂರು ತಾಸು ಹಿಡಿಯಿತು, ಅದರಲ್ಲಿ ಅರ್ಧ ತಾಸು ತುದಿಯಲ್ಲಿ ಕೂತು ಅವಲಕ್ಕಿ ತಿಂದದ್ದು. ಇಳಿಯುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು, ತಲೆಗೆ ಬೈರಾಸು ಸುತ್ತಿಕೊಂಡೇ ಕಾರು ಹತ್ತಿದೆ.