ಸ್ಪ್ಲೈನ್ ಸವೆಯದಂತೆ, ಕಪ್ಲಿಂಗ್ ಬೋಲ್ಟ್ ಸಡಿಲಾಗದಂತೆ: ಮುಂಬೈ ಮಳೆ, ಗೋವಾ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳಿಗೆ

ಕ್ಲಚ್ ಬಿಟ್ಟ ಕೂಡಲೇ ಗಾಡಿಯ ಅಡಿಯಿಂದ ‘ಟಕ್’ ಅಂತ ಒಂದು ಪೆಟ್ಟು, ರಿವರ್ಸ್ ಹಾಕಿದಾಗ ಇನ್ನೊಂದು. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾದಂಥ ಹಿಂಚಕ್ರ ಎಳೆಯುವ ಗಾಡಿಯಲ್ಲಿ ಈ ಸದ್ದು ಬಂದರೆ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಮುಂಚೆ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಉದ್ದ ಕೊಳವೆ, ನೋಡಿ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಅದನ್ನು ಜೋಡಿಸುವ ನಾಲ್ಕು ಬೋಲ್ಟ್ ಬಿಗಿದು ಕಳಿಸುತ್ತಾರೆ. ಎರಡು ವಾರಕ್ಕೆ ಅದೇ ಸದ್ದು. ಒಮ್ಮೆ ಸಡಿಲಾದ ಬೋಲ್ಟನ್ನು ಹಾಗೇ ಮತ್ತೆ ಬಿಗಿಯುವುದು ರಿಪೇರಿಯೇ ಅಲ್ಲ. ಯಾಕೆ ಸಡಿಲಾಯಿತು ಎಂಬುದು ಅಲ್ಲೇ ಉಳಿದಿರುತ್ತದೆ.

ಆ ‘ಯಾಕೆ’ ಇರುವುದು ಶಾಫ್ಟಿನ ತುದಿಯಲ್ಲಿ ಬೋಲ್ಟಿನಿಂದ ಕೂಡುವ ಎರಡು ತಟ್ಟೆಗಳ, ಅಂದರೆ ಫ್ಲ್ಯಾಂಜ್‌ಗಳ, ಮುಖದಲ್ಲಿ. ಅಲ್ಲಿ ಎಂಜಿನ್ನಿನ ಬಲ ಸಾಗುವುದು ಬೋಲ್ಟಿನ ಕಾಂಡದ ಮೂಲಕ ಎಂದು ಹಲವರ ಎಣಿಕೆ. ನಿಜವಾಗಿ ಬೋಲ್ಟಿನ ಕೆಲಸ ಎರಡು ಮುಖಗಳನ್ನು ಒತ್ತಿ ಹಿಡಿಯುವುದಷ್ಟೇ. ಬಲ ದಾಟುವುದು ಆ ಒತ್ತಡದ ಘರ್ಷಣೆಯಿಂದ. ನಡುವೆ ಬಣ್ಣ, ತುಕ್ಕು, ಮಣ್ಣು, ಗ್ರೀಸ್ ಸಿಕ್ಕಿಕೊಂಡಿದ್ದರೆ ಓಡುತ್ತ ಓಡುತ್ತ ಅದು ಕುಸಿಯುತ್ತದೆ, ಬಿಗಿ ಇಳಿಯುತ್ತದೆ, ಮುಖಗಳು ಕೂದಲೆಳೆಯಷ್ಟು ಜಾರತೊಡಗುತ್ತವೆ. ಆಮೇಲೆ ಬೋಲ್ಟೇ ಪೆಟ್ಟು ತಿನ್ನುತ್ತದೆ, ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಟ್ಟಿನ ಬುಡದಿಂದ ಹೊರಕ್ಕೆ ಕಿರಣದಂತೆ ಚೆಲ್ಲಿದ ಕೆಂಗಂದು ಗೆರೆ ಕಂಡರೆ ಒಳಗೆ ಇದು ಶುರುವಾಗಿದೆ ಎಂದರ್ಥ. ಸ್ಪ್ಲೈನ್ ಎಂದರೆ ಶಾಫ್ಟಿನ ಉದ್ದಕ್ಕೆ ಕೊರೆದ ಹಲ್ಲುಸಾಲು; ಒಂದು ಭಾಗ ಇನ್ನೊಂದರೊಳಗೆ ಜಾರುತ್ತಲೇ ಜೊತೆಗೆ ತಿರುಗುವುದು ಅದರಿಂದ. ಅದರ ಹಲ್ಲುಗಳ ನಡುವೆಯೂ ಇದೇ ಕೆಂಪು ಪುಡಿ ಬರುತ್ತದೆ. ಗ್ರೀಸ್ ಒಣಗಿ, ಲೋಹಕ್ಕೆ ಲೋಹ ಉಜ್ಜಿದಾಗ ಹುಟ್ಟುವ ಈ ಆಕ್ಸೈಡ್ ಪುಡಿ ಉಕ್ಕಿಗಿಂತ ಗಟ್ಟಿ. ಒಮ್ಮೆ ಹುಟ್ಟಿತೆಂದರೆ ಸವೆತವನ್ನು ತಾನೇ ಜೋರು ಮಾಡುತ್ತದೆ.

ಮೊದಲು ಪರೀಕ್ಷೆ

ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್. ಗಾಡಿ ಎತ್ತಬೇಕಾದರೆ ಆಕ್ಸಲ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಒಂದು ಕೈಯಲ್ಲಿ ಸ್ಲಿಪ್ ಯೋಕ್ (ಸ್ಪ್ಲೈನಿನ ಮೇಲೆ ಜಾರುವ ಕವಲುತುಂಡು), ಇನ್ನೊಂದರಲ್ಲಿ ಶಾಫ್ಟಿನ ಕೊಳವೆ ಹಿಡಿದು ಎದುರುಬದುರಾಗಿ ತಿರುವಿ, ಮೇಲೆ ಕೆಳಗೂ ಅಲುಗಿಸಿ. ಬೆರಳಿಗೆ ಸ್ವಲ್ಪ ಆಟ ಗೊತ್ತಾದರೆ ಪರವಾಗಿಲ್ಲ; ಕಣ್ಣಿಗೆ ಕಾಣುವಷ್ಟು ಇದ್ದರೆ ಸ್ಪ್ಲೈನ್ ಮುಗಿಯಿತು. ಇದೇ ರೀತಿ ಎರಡು ಯೋಕ್‌ಗಳನ್ನು ಕೂಡಿಸುವ, ಕೂಡು ಗುರುತಿನ ಆಕಾರದ ಕ್ರಾಸಿನ ಎರಡೂ ಬದಿ ಹಿಡಿದು ನೋಡಿ: ಅಲ್ಲಿ ಆಟವೇ ಇರಬಾರದು. ಇಡೀ ಶಾಫ್ಟ್ ಒಟ್ಟಿಗೆ ತುಸು ತಿರುಗಿ ನಿಂತರೆ ಅದು ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಹಲ್ಲುಗಳ ಸಹಜ ಸಡಿಲ. ಅದನ್ನು ಸ್ಪ್ಲೈನಿನ ಲೆಕ್ಕಕ್ಕೆ ಬರೆಯಬೇಡಿ.

ಶಾಫ್ಟ್ ಎರಡು ತುಂಡಿನದಾದರೆ ನಡುವಿನ ಸೆಂಟರ್ ಬೇರಿಂಗ್ ರಬ್ಬರನ್ನೂ ಒತ್ತಿ ನೋಡಿ. ಅದು ಹರಿದರೆ ಶಾಫ್ಟ್ ಕೋನ ತಪ್ಪಿ, ಹೊಸ ಸ್ಪ್ಲೈನನ್ನೂ ಬೇಗ ತಿನ್ನುತ್ತದೆ.

ಗ್ರೀಸ್

ನಿಪ್ಪಲ್ (ಗ್ರೀಸ್ ಗನ್ ಇಟ್ಟು ಒತ್ತುವ ಬಾಯಿ) ಇರುವ ಶಾಫ್ಟಿಗೆ ಎನ್‌ಎಲ್‌ಜಿಐ 2 ದರ್ಜೆಯ ಲಿಥಿಯಂ ಇಪಿ ಗ್ರೀಸ್ ಹಾಕಿ; ಎನ್‌ಎಲ್‌ಜಿಐ ಅಂಕಿ ಗ್ರೀಸಿನ ಗಟ್ಟಿತನದ್ದು, ಇಪಿ ಎಂದರೆ ಭಾರೀ ಒತ್ತಡ ತಡೆಯುವಂಥದ್ದು. ಕಂಪನಿ ಮಾಲಿಬ್ಡಿನಂ ಗ್ರೀಸ್ ಹೇಳಿದ್ದರೆ ಅದನ್ನೇ. ಅವಧಿಗೆ ಗಾಡಿಯ ಪುಸ್ತಕವೇ ಪ್ರಮಾಣ. ಆದರೆ ಟೂರಿಸ್ಟ್ ಗಾಡಿಗಳಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲೇ ಓಡುವವಕ್ಕೆ, 5,000 ಕಿ.ಮೀ. ದಾಟಿಸಬೇಡಿ. ಹಿಂದ್‌ಮಾತಾದಲ್ಲೋ ಅಂಧೇರಿ ಸಬ್‌ವೇಯಲ್ಲೋ ಆಕ್ಸಲ್ ಮುಳುಗುವಷ್ಟು ನೀರು ಹಾಯ್ದಿದ್ದರೆ ಕಿಲೋಮೀಟರ್ ಲೆಕ್ಕ ಬಿಡಿ, ಅದೇ ವಾರ ಹೊಡೆಸಿ. ಬಿಸಿ ಶಾಫ್ಟ್ ನೀರಿನಲ್ಲಿ ತಟ್ಟನೆ ತಣ್ಣಗಾದಾಗ ಸೀಲಿನ ಸಂದಿಯಿಂದ ನೀರು ಒಳಗೆ ಎಳೆಯಲ್ಪಡುತ್ತದೆ. ಹಾಗೆಯೇ ಡಿಫರೆನ್ಷಿಯಲ್ ಎಣ್ಣೆ ಹಾಲುಬಿಳುಪಾಗಿದೆಯಾ ಅಂತಲೂ ನೋಡಿಬಿಡಿ.

ನಿಪ್ಪಲ್ ಒರೆಸದೆ ಗನ್ ಇಟ್ಟರೆ ಮಣ್ಣೇ ಮೊದಲು ಒಳಗೆ ಹೋಗುತ್ತದೆ. ಕ್ರಾಸಿಗೆ ಹೊಡೆಯುವಾಗ ಅದರ ನಾಲ್ಕೂ ತುದಿಯ ಬೇರಿಂಗ್ ಕಪ್‌ಗಳಿಂದ ಹಳೆಯದು ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಒತ್ತಿ. ಒಂದು ಕಪ್ ಮಾತ್ರ ಮುಷ್ಕರ ಹೂಡಿದರೆ ಆ ದಾರಿ ಕಟ್ಟಿದೆ. ಶಾಫ್ಟ್ ಅಲುಗಿಸುತ್ತ ಮತ್ತೆ ಒತ್ತಿ. ಆಗಲೂ ಬಾರದಿದ್ದರೆ ಕ್ರಾಸ್ ಬದಲಿಸುವುದೇ ದಾರಿ. ಸ್ಲಿಪ್ ಯೋಕಿನ ತುದಿಯ ಮುಚ್ಚಳದಲ್ಲಿ ಸಣ್ಣ ಗಾಳಿಕಿಂಡಿ ಇದ್ದರೆ, ಅಲ್ಲಿ ಗ್ರೀಸ್ ಇಣುಕಿದ ಕೂಡಲೇ ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯ ಸೀಲಿನಿಂದ ಬರುವವರೆಗೆ ನಿಧಾನ ಒತ್ತಿ. ಜೋರಾಗಿ ತುಂಬಿಸಿದರೆ ಮುಚ್ಚಳವೇ ಹಾರಿಹೋಗುತ್ತದೆ. ಓಮ್ನಿಯಂಥ ಗಾಡಿಗಳಲ್ಲಿ ಯೋಕ್ ಗೇರ್‌ಬಾಕ್ಸಿನ ಬಾಲದೊಳಗೇ ಜಾರುತ್ತದೆ, ಗೇರ್ ಎಣ್ಣೆಯೇ ಅದಕ್ಕೆ ಗ್ರೀಸ್. ಅಲ್ಲಿ ಬಾಲದ ಸೀಲ್ ಒಸರುತ್ತಿದೆಯೇ ಎಂಬುದೊಂದೇ ಪ್ರಶ್ನೆ.

ಗೋವಾದಲ್ಲಿ ಕಡಲ ಮರಳಿಗೆ ಇಳಿಸಿದ ಗಾಡಿಗೆ ಸಿಹಿನೀರಿನ ತೊಳೆತ ಬೇಕೇ ಬೇಕು, ಆದರೆ ಜೆಟ್ ಪೈಪನ್ನು ಸೀಲಿಗೆ ನೇರ ಹಿಡಿಯಕೂಡದು. ತೊಳೆದ ಮೇಲೆ ಗ್ರೀಸ್, ಗ್ರೀಸ್ ಮೇಲೆ ತೊಳೆತವಲ್ಲ. ಸರ್ವಿಸ್ ಸ್ಟೇಷನ್ನಿನಲ್ಲಿ ನಿಂತು ಹೇಳದಿದ್ದರೆ ಈ ಕ್ರಮ ಉಲ್ಟಾ ಆಗುವುದುಂಟು.

ಬೋಲ್ಟ್ ಹಾಕುವ ಕ್ರಮ

ಬಿಚ್ಚುವ ಮುಂಚೆ ಎರಡೂ ಫ್ಲ್ಯಾಂಜ್ ಮೇಲೆ, ಸ್ಲಿಪ್ಪಿನ ಎರಡೂ ಭಾಗದ ಮೇಲೆ ಬಿಳಿ ಬಣ್ಣದ ಗೆರೆ ಎಳೆಯಿರಿ. ಇದನ್ನು ಬಿಟ್ಟರೆ ಒಂದೇ ಶಾಫ್ಟಿನ ಎರಡು ಯೋಕ್‌ಗಳು ಒಂದೇ ಗೆರೆಯಲ್ಲಿ ಕೂರದೆ, ಖಂಬಾಟಕಿ ಘಾಟ್ ಇಳಿದು ವೇಗ ಹಿಡಿದಾಗ ಸೀಟಿನ ಅಡಿ ನಡುಗುತ್ತದೆ.

ಎರಡೂ ಮುಖಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಬರಿಲೋಹ ಹೊಳೆಯಬೇಕು. ಬೋಲ್ಟ್ ತಲೆಯ ಮೇಲೆ 10.9 (ಅದು ಬೋಲ್ಟಿನ ಬಲದ ದರ್ಜೆ) ಅಚ್ಚಿದ್ದರೆ ಹೊಸದೂ 10.9 ಆಗಿರಲಿ. 8.8 ಕೂಡ ಅದೇ ರಂಧ್ರದಲ್ಲಿ ಕೂರುತ್ತದೆ, ಆದರೆ ಅಷ್ಟು ಬಿಗಿ ತಡೆಯದೆ ಹಿಗ್ಗುತ್ತದೆ. ಮುಂಬೈಯ ನಾಗದೇವಿ ಸ್ಟ್ರೀಟಿನಲ್ಲಿ, ಪುಣೆಯ ಬೋಹ್ರಿ ಆಳಿಯಲ್ಲಿ ಬೋಲ್ಟ್ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಉದ್ದ ಮತ್ತು ಥ್ರೆಡ್ಡಿನ ಪಿಚ್ ಎರಡೂ ಹೋಲಿಸಿ. ನೈಲಾನ್ ಲಾಕ್‌ನಟ್ ಬೆರಳಲ್ಲೇ ಪೂರ್ತಿ ತಿರುಗಿದರೆ ಅದರ ಕೆಲಸ ಮುಗಿದಿದೆ. ಸೈಲೆನ್ಸರ್ ಪಕ್ಕದ ಜಾಗಕ್ಕೆ ಲೋಹದ ಲಾಕ್‌ನಟ್ ವಾಸಿ. ಸೀಳುವಾಷರ್ (ಸ್ಪ್ರಿಂಗ್ ವಾಷರ್) ಮೇಲೆ ನಮಗೆ ನಂಬಿಕೆ ಇಲ್ಲ.

ಮಾಮೂಲಿ ನಟ್ ಆದರೆ ಎಣ್ಣೆ ಪೂರ್ತಿ ತೆಗೆದು, ನಟ್ ಕೂರುವ ಜಾಗದ ಥ್ರೆಡ್ಡಿಗೆ ನೀಲಿ ಥ್ರೆಡ್‌ಲಾಕರ್ ಒಂದೆರಡು ಹನಿ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಚಾಳಿ ಬಿಡಿ: ಜಾರು ಥ್ರೆಡ್ಡಿನಲ್ಲಿ ಅದೇ ಟಾರ್ಕಿಗೆ (ತಿರುವುವ ಬಲಕ್ಕೆ) ಬೋಲ್ಟ್ ಹೆಚ್ಚು ಹಿಗ್ಗಿ, ತುಂಡಾಗಲೂಬಹುದು.

ಎದುರುಬದುರು ಕ್ರಮದಲ್ಲಿ, ಮೊದಲು ಅರ್ಧ ಟಾರ್ಕ್, ಆಮೇಲೆ ಪೂರ್ತಿ. ಸರಿಯಾದ ಅಂಕಿ ಆ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನುಯಲ್‌ನದು. ಅಂದಾಜಿಗೆ, ಒಣ 10.9 ಬೋಲ್ಟಿನಲ್ಲಿ ಎಂ8ಕ್ಕೆ 30–35, ಎಂ10ಕ್ಕೆ 60–70 ನ್ಯೂಟನ್ ಮೀಟರ್. ಗಾಳಿಗನ್‌ನಿಂದ ‘ಟರ್ರ್’ ಅನಿಸಿ ಬಿಡುವಲ್ಲಿ ಟಾರ್ಕ್ ರೆಂಚ್ ಕೇಳಿ. ಕೊನೆಗೆ ನಟ್ಟಿನಿಂದ ಫ್ಲ್ಯಾಂಜಿನವರೆಗೆ ಬಣ್ಣದ ಒಂದು ಗೆರೆ. ನೂರು ಕಿ.ಮೀ. ಓಡಿದ ಮೇಲೆ ಟಾರ್ಚ್ ಬಿಟ್ಟು ನೋಡಿ, ಗೆರೆ ಮುರಿದಿದ್ದರೆ ನಟ್ ತಿರುಗಿದೆ.

ಮುಂಚಕ್ರ ಎಳೆಯುವ ಕಾರುಗಳಲ್ಲಿ ಕಥೆ ಬೇರೆ. ಸ್ಪ್ಲೈನ್ ಹಬ್ಬಿನೊಳಗಿದೆ, ಹಿಡಿದಿರುವುದು ಒಂದೇ ಆಕ್ಸಲ್ ನಟ್. ಒಮ್ಮೆ ತೆಗೆದ ನಟ್ಟಿನ ಬದಲು ಹೊಸದೇ ಹಾಕಿ, ಕೊನೆಯ ಬಿಗಿ ಚಕ್ರ ನೆಲದ ಮೇಲಿರುವಾಗ. ಅದು ಸಡಿಲ ಇರುವಾಗ ಕಾರನ್ನು ಒಂದಡಿಯೂ ತಳ್ಳಬೇಡಿ, ಬೇರಿಂಗ್ ಹೋಗುತ್ತದೆ. ಕೆಲವು ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಒಳಗಿನ ಜಾಯಿಂಟ್ ಆರು ಬೋಲ್ಟಿನ ಫ್ಲ್ಯಾಂಜ್. ಅವುಗಳ ತಲೆಗೆ ಹನ್ನೆರಡು ಮೂಲೆಯ ಬಿಟ್ ಬೇಕು, ಅಲೆನ್ ಕೀ ತುರುಕಿದರೆ ತಲೆ ಸವೆದು ಬೋಲ್ಟ್ ಅಲ್ಲೇ ಕೂತುಬಿಡುತ್ತದೆ.

ಸ್ಪ್ಲೈನ್ ಆಗಲೇ ಹೋಗಿದ್ದರೆ ವೆಲ್ಡಿಂಗ್ ತುಂಬಿಸುವ ಮಾತಿಗೆ ಒಪ್ಪಬೇಡಿ. ಯೋಕ್, ಶಾಫ್ಟ್ ಜೋಡಿಯಾಗಿಯೇ ಬದಲಾಗಬೇಕು, ಬ್ಯಾಲೆನ್ಸ್ ಆಗಬೇಕು. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆಯ ಶಾಫ್ಟ್ ಕೊಳ್ಳುವುದಾದರೆ ಗ್ರೀಸ್ ಒರೆಸಿಸಿ, ಹಲ್ಲಿನ ಪಕ್ಕೆಯ ಮೇಲೆ ಉಗುರು ಓಡಿಸಿ. ಯೋಕ್ ನಿಲ್ಲುತ್ತಿದ್ದ ಜಾಗದಲ್ಲಿ ಉಗುರು ಮೆಟ್ಟಿಲಿಗೆ ತಾಗಿದಂತೆ ತಡೆದರೆ, ಅಥವಾ ಹಲ್ಲಿನ ತುದಿ ಚಪ್ಪಟೆ ಇರದೆ ಚೂಪಾಗಿದ್ದರೆ, ಎಷ್ಟೇ ಅಗ್ಗವಾದರೂ ಅಲ್ಲೇ ಇಟ್ಟು ಬನ್ನಿ.